ಮನೆಯಿಂದ ಕೆಲಸ: ಶೇ 13 ಏರಿಕೆಯೂ ನಿಜ, ಶೇ 18 ಇಳಿಕೆಯೂ ನಿಜ. ಅದು ಹೇಗೆ?

ನಿಮ್ಮ ವಾಟ್ಸಾಪಿಗೂ ಈ ಎರಡರಲ್ಲಿ ಒಂದಾದರೂ ಬಂದಿರುತ್ತದೆ. ಒಂದು: "ಮನೆಯಿಂದ ಕೆಲಸ ಮಾಡುವವರು ಆಫೀಸಿನಲ್ಲಿ ಕೂತವರಿಗಿಂತ ಶೇ 13ರಷ್ಟು ಹೆಚ್ಚು ಕೆಲಸ ಮಾಡುತ್ತಾರೆ, ಸ್ಟ್ಯಾನ್‌ಫರ್ಡ್ ಸಂಶೋಧನೆಯಲ್ಲಿ ಸಾಬೀತಾಗಿದೆ." ಇನ್ನೊಂದು: "ಮನೆಯಲ್ಲಿ ಕೂತವರು ಶೇ 18ರಷ್ಟು ಕಡಿಮೆ ಕೆಲಸ ಮಾಡುತ್ತಾರೆ, ಭಾರತದಲ್ಲೇ ನಡೆದ ಅಧ್ಯಯನ." ಮೊದಲನೆಯದನ್ನು ಉದ್ಯೋಗಿಗಳು ಹಂಚುತ್ತಾರೆ, ಎರಡನೆಯದನ್ನು ಬಾಸ್‌ಗಳು. ಎರಡು ಕಡೆಯವರಿಗೂ ತಮ್ಮ ಕೈಯಲ್ಲಿರುವುದೇ ಸತ್ಯ, ಎದುರಿನವರದು ಸುಳ್ಳು.

ಸಾಮಾನ್ಯವಾಗಿ ಇಂಥ ಜೋಡಿ ಫಾರ್ವರ್ಡ್‌ಗಳಲ್ಲಿ ಒಂದಾದರೂ ಸುಳ್ಳಾಗಿರುತ್ತದೆ. ಈ ಸಲ ಹಾಗಿಲ್ಲ. ಎರಡೂ ಅಂಕಿಗಳು ಸರಿಯಾಗಿ ನಡೆಸಿದ, ಒಳ್ಳೆಯ ಪ್ರಯೋಗಗಳಿಂದಲೇ ಬಂದಿವೆ. ಆದರೆ ಫಾರ್ವರ್ಡ್ ಮಾಡುವಾಗ ಅಂಕಿ ಮಾತ್ರ ಉಳಿದು, ಅದರ ಸುತ್ತ ಇದ್ದದ್ದು ಬಿದ್ದುಹೋಗಿದೆ. ಯಾವ ಕೆಲಸ? ಹೊಸಬರೋ ಹಳಬರೋ? ಎಂಥ ಮನೆ? ವಾರಕ್ಕೆ ಎಷ್ಟು ದಿನ?

ನಮ್ಮಲ್ಲಿ ಇದು ಬರೀ ವಾದ ಮಾಡಿ ಮರೆಯುವ ವಿಷಯವೂ ಅಲ್ಲ. 2024ರಲ್ಲಿ ಬೆಂಗಳೂರಿನಲ್ಲಿ 10 ಕಿ.ಮೀ. ದಾಟಲು ಸರಾಸರಿ 34 ನಿಮಿಷ ಹಿಡಿಯುತ್ತಿತ್ತು ಎಂದು ಟಾಮ್‌ಟಾಮ್ ಸಂಸ್ಥೆಯ ಟ್ರಾಫಿಕ್ ಲೆಕ್ಕ ಹೇಳುತ್ತದೆ. "ಮುಂದಿನ ತಿಂಗಳಿಂದ ಎಲ್ಲರೂ ಐದೂ ದಿನ ಆಫೀಸಿಗೆ ಬರತಕ್ಕದ್ದು" ಎಂಬ ಒಂದು ಮೇಲ್ ಬಂದರೆ ಸಾಕು, ಶಿವಮೊಗ್ಗದಲ್ಲಿ ಅಪ್ಪ ಅಮ್ಮನ ಜೊತೆ ಇದ್ದವರು ಮತ್ತೆ ಬೆಂಗಳೂರಿನಲ್ಲಿ ಪಿಜಿ ಹುಡುಕಬೇಕು. ಒಂದು ವರ್ಷದ ಮಗು ಇರುವ ತಾಯಿ ರಾಜೀನಾಮೆ ಬರೆಯಬೇಕಾಗಬಹುದು. ಆ ಮೇಲ್‌ನ ಹಿಂದೆ ಒಂದು ಅಂಕಿ ಇದ್ದರೆ, ಅದು ಎಲ್ಲಿಂದ ಬಂತು ಎಂದು ನೋಡುವುದು ಒಳ್ಳೆಯದಲ್ಲವೇ?

ಶೇ 13 ಬಂದಿದ್ದು ಎಲ್ಲಿಂದ?

ಶಾಂಘೈಯಿಂದ. ಸಿಟ್ರಿಪ್ ಎನ್ನುವುದು ಚೀನಾದ ದೊಡ್ಡ ಪ್ರವಾಸ ಬುಕಿಂಗ್ ಕಂಪನಿ, ಈಗ ಅದರ ಹೆಸರು ಟ್ರಿಪ್.ಕಾಮ್. ಆಫೀಸ್ ಜಾಗದ ಖರ್ಚು ಏರುತ್ತಿತ್ತು, ಕಾಲ್ ಸೆಂಟರಿನ ಹುಡುಗ ಹುಡುಗಿಯರು ಒಬ್ಬರ ಹಿಂದೆ ಒಬ್ಬರು ಕೆಲಸ ಬಿಡುತ್ತಿದ್ದರು. ಕಂಪನಿ ಕಟ್ಟಿದವರಲ್ಲಿ ಒಬ್ಬರಾದ ಜೇಮ್ಸ್ ಲಿಯಾಂಗ್ ಆಗ ಸ್ಟ್ಯಾನ್‌ಫರ್ಡ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದರು. ಅಲ್ಲಿನ ಅರ್ಥಶಾಸ್ತ್ರಜ್ಞ ನಿಕೋಲಸ್ ಬ್ಲೂಮ್ ಮತ್ತು ಸಂಗಡಿಗರ ಜೊತೆ ಸೇರಿ, ಬಾಯಿಮಾತಿನ ಲೆಕ್ಕ ಬೇಡ, ಪರೀಕ್ಷೆ ಮಾಡಿಯೇ ನೋಡೋಣ ಎಂದುಕೊಂಡರು.

ಮನೆಯಿಂದ ಕೆಲಸ ಮಾಡಲು ಯಾರಿಗೆ ಇಷ್ಟ ಎಂದು ಮೊದಲು ಕೇಳಿದರು. ಸುಮಾರು ಅರ್ಧದಷ್ಟು ಜನ ಕೈ ಎತ್ತಿದರು. ಅವರಲ್ಲಿ ಕಂಪನಿ ಸೇರಿ ಆರು ತಿಂಗಳಾಗಿದ್ದವರನ್ನು, ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇದ್ದವರನ್ನು, ಕೆಲಸಕ್ಕೆ ಅಂತಲೇ ಬೇರೆ ಜಾಗ ಇದ್ದವರನ್ನು ಮಾತ್ರ ಆರಿಸಿದರು. ಉಳಿದವರು 249 ಮಂದಿ. ಅವರಲ್ಲಿ ಹುಟ್ಟಿದ ತಾರೀಖು ಸಮಸಂಖ್ಯೆಯಾದವರು ಮನೆಗೆ, ಬೆಸಸಂಖ್ಯೆಯವರು ಆಫೀಸಿನಲ್ಲೇ. ಮನೆಯವರೂ ವಾರದಲ್ಲಿ ಒಂದು ದಿನ ಆಫೀಸಿಗೆ ಬರಬೇಕಿತ್ತು. 2010ರ ಕೊನೆಯಲ್ಲಿ ಶುರುವಾದ ಪ್ರಯೋಗ ಒಂಬತ್ತು ತಿಂಗಳು ನಡೆಯಿತು.

ಮನೆಯವರ ಸಾಧನೆ ಶೇ 13ರಷ್ಟು ಏರಿತು. ಇಲ್ಲಿಯವರೆಗೆ ಫಾರ್ವರ್ಡ್ ಸರಿ. ಆದರೆ ಆ 13 ಅನ್ನು ಒಡೆದು ನೋಡಿ. ಅದರಲ್ಲಿ 9 ಬಂದಿದ್ದು ಹೆಚ್ಚು ಹೊತ್ತು ಸೀಟಿನಲ್ಲಿ ಕೂತಿದ್ದರಿಂದ: ಬಿಡುವು ಕಡಿಮೆ ತೆಗೆದುಕೊಂಡರು, ಹುಷಾರಿಲ್ಲ ಎಂದು ರಜೆ ಹಾಕುವುದು ಕಡಿಮೆಯಾಯಿತು. ಉಳಿದ 4 ಮಾತ್ರ ಒಂದೊಂದು ನಿಮಿಷದಲ್ಲಿ ಹೆಚ್ಚು ಕರೆ ಮುಗಿಸಿದ್ದರಿಂದ, ಯಾಕೆಂದರೆ ಮನೆ ನಿಶ್ಶಬ್ದವಾಗಿತ್ತು. ಅಂದರೆ ಮನೆಗೆ ಹೋದ ತಕ್ಷಣ ಯಾರೂ ಜಾಣರಾಗಲಿಲ್ಲ. ದುಡಿದ ನಿಮಿಷಗಳು ಹೆಚ್ಚಾದವು.

ಕೆಲಸ ಬಿಡುವವರ ಪ್ರಮಾಣ ಅರ್ಧಕ್ಕೆ ಇಳಿಯಿತು. ನನ್ನ ಮಟ್ಟಿಗೆ 13ಕ್ಕಿಂತ ಇದೇ ದೊಡ್ಡ ಸುದ್ದಿ, ಆದರೆ ಇದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಮಾಡದೇ ಇರುವ ಇನ್ನೂ ಎರಡು ಸಂಗತಿಗಳಿವೆ. ಮೊದಲನೆಯದು, ಅಷ್ಟೇ ಒಳ್ಳೆಯ ಕೆಲಸ ಮಾಡಿದರೂ ಮನೆಯಲ್ಲಿದ್ದವರಿಗೆ ಬಡ್ತಿ ಸಿಗುವ ಸಾಧ್ಯತೆ ಕಡಿಮೆಯಾಗಿತ್ತು. ಎರಡನೆಯದು, ಪ್ರಯೋಗ ಮುಗಿದ ಮೇಲೆ "ಈಗ ನಿಮಗೆ ಬೇಕಾದ್ದು ಆರಿಸಿಕೊಳ್ಳಿ" ಎಂದಾಗ ಅರ್ಧಕ್ಕಿಂತ ಹೆಚ್ಚು ಜನ ತಮ್ಮ ಜಾಗ ಬದಲಿಸಿದರು. ಮನೆಯೇ ಬೇಕು ಎಂದು ಹೋಗಿದ್ದ ಎಷ್ಟೋ ಮಂದಿ ಒಂಟಿತನ ತಾಳಲಾರದೆ ಆಫೀಸಿಗೆ ಮರಳಿದ್ದರು. ಹೀಗೆ ಅವರವರಿಗೆ ಒಗ್ಗುವ ಜಾಗದಲ್ಲಿ ಅವರವರು ಕೂತ ಮೇಲೆ ಲಾಭ ಶೇ 22ರವರೆಗೆ ಹೋಯಿತು.

ಶೇ 18ರ ಕತೆ ಚೆನ್ನೈನದು

ಡೇವಿಡ್ ಆಟ್ಕಿನ್, ಆಂಟ್ವನೆಟ್ ಶೋರ್ ಮತ್ತು ಸುಮಿತ್ ಶಿಂಧೆ ಎಂಬ ಮೂವರು ಸಂಶೋಧಕರು ಚೆನ್ನೈನಲ್ಲಿ ಡೇಟಾ ಎಂಟ್ರಿ ಕೆಲಸಕ್ಕೆ ಹೊಸಬರನ್ನು ತೆಗೆದುಕೊಂಡರು. "ನಿಮಗೆ ಮನೆ ಇಷ್ಟವೋ, ಆಫೀಸ್ ಇಷ್ಟವೋ" ಎಂದು ಕೇಳಿ ಬರೆದಿಟ್ಟುಕೊಂಡರು. ಆದರೆ ಯಾರು ಎಲ್ಲಿ ಕೂರಬೇಕು ಎಂಬುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಿದರು. 2023ರಲ್ಲಿ ಹೊರಬಂದ ಅವರ ಫಲಿತಾಂಶ ಹೀಗಿತ್ತು: ಮನೆಯವರು ಆಫೀಸಿನವರಿಗಿಂತ ಶೇ 18ರಷ್ಟು ಹಿಂದೆ. ಈ ಅಂತರದ ಮೂರನೇ ಎರಡು ಭಾಗ ಮೊದಲ ದಿನವೇ ಕಾಣಿಸಿತು. ಉಳಿದದ್ದು ನಿಧಾನವಾಗಿ ಬೆಳೆಯಿತು, ಯಾಕೆಂದರೆ ಆಫೀಸಿನಲ್ಲಿದ್ದ ಹೊಸಬರು ಬೇಗ ಕಲಿತರು.

"ನೋಡಿದ್ರಾ, ಮನೆ ಬೇಕು ಅನ್ನೋರೆಲ್ಲ ಸೋಮಾರಿಗಳು" ಎಂದು ಇದನ್ನು ಓದುವ ಬಾಸ್‌ಗಳಿದ್ದಾರೆ. ಇದೇ ಪ್ರಯೋಗ ಅದನ್ನು ಸುಳ್ಳು ಮಾಡುತ್ತದೆ. ಕೆಲಸ ಶುರುವಾಗುವ ಮೊದಲು ಪರೀಕ್ಷೆ ಮಾಡಿದಾಗ, ಮನೆಯೇ ಬೇಕು ಎಂದವರು ಉಳಿದವರಿಗಿಂತ ಶೇ 12ರಷ್ಟು ಚುರುಕಾಗಿದ್ದರು, ತಪ್ಪೂ ಕಡಿಮೆ ಮಾಡುತ್ತಿದ್ದರು. ಆದರೆ ಮನೆಗೆ ಹೋದ ಮೇಲೆ ಹೆಚ್ಚು ಕುಸಿದವರೂ ಇವರೇ. ಆಫೀಸ್ ಇಷ್ಟ ಎಂದಿದ್ದವರನ್ನು ಮನೆಯಲ್ಲಿ ಕೂರಿಸಿದಾಗ ಶೇ 13ರಷ್ಟು ಇಳಿಕೆಯಾದರೆ, ಮನೆ ಇಷ್ಟ ಎಂದವರಲ್ಲಿ ಶೇ 27ರಷ್ಟು.

ಯಾಕೆ? ಮನೆಯಿಂದಲೇ ಕೆಲಸ ಬೇಕು ಎನ್ನುವವರಲ್ಲಿ ಮಕ್ಕಳಿರುವವರು, ವಯಸ್ಸಾದವರನ್ನು ನೋಡಿಕೊಳ್ಳುವವರು, ಬಡತನದ ಮನೆಯವರು ಹೆಚ್ಚು. ಆಫೀಸಿಗೆ ಹೋಗಲು ಅವರಿಗೆ ಏನು ಅಡ್ಡಿಯೋ, ಮನೆಯಲ್ಲಿ ಕೂತು ಕೆಲಸ ಮಾಡಲೂ ಅದೇ ಅಡ್ಡಿ. ಒಂದೇ ಕೋಣೆಯಲ್ಲಿ ಟಿವಿ, ಅಡುಗೆ, ಮಗುವಿನ ಹೋಂವರ್ಕ್, ಮಧ್ಯೆ ಲ್ಯಾಪ್‌ಟಾಪ್. ಚುರುಕು ಬೆರಳಿದ್ದೂ ಏನು ಮಾಡುವುದು?

ಈಗ ಎರಡು ಪ್ರಯೋಗಗಳನ್ನು ಪಕ್ಕಪಕ್ಕ ಇಡಿ. ಶಾಂಘೈಯಲ್ಲಿ ಇದ್ದವರು ಕೆಲಸ ಕಲಿತವರು, ತಾವೇ ಮುಂದೆ ಬಂದವರು, ಬೇರೆ ಜಾಗ ಇದ್ದವರು, ವಾರಕ್ಕೊಂದು ದಿನ ಮುಖ ನೋಡಿಕೊಳ್ಳುತ್ತಿದ್ದವರು. ಚೆನ್ನೈನವರು ಆಗಷ್ಟೇ ಸೇರಿದವರು, ಮನೆ ಹೇಗಿದ್ದರೂ ಅಲ್ಲೇ ಕೂತವರು. ಒಂದು ಕಡೆ ಏರಿತು, ಇನ್ನೊಂದು ಕಡೆ ಇಳಿಯಿತು. ಇದರಲ್ಲಿ ಆಶ್ಚರ್ಯ ಏನೂ ಇಲ್ಲ. ತಂಡ ನಡೆಸುವವರಿಗೆ ಇದರಲ್ಲಿ ಉಪಯೋಗಕ್ಕೆ ಬರುವ ವಿಷಯ ಬಹಳಷ್ಟಿದೆ.

"ಮನೆಯಲ್ಲಿದ್ದರೆ ಕದ್ದು ನಿದ್ದೆ ಮಾಡುತ್ತಾರೆ"

ಇದು ಇನ್ನೊಂದು ಗಟ್ಟಿ ನಂಬಿಕೆ. ಮೈಕೆಲ್ ಗಿಬ್ಸ್ ಮತ್ತು ಸಂಗಡಿಗರು ಏಷ್ಯಾದ ಒಂದು ದೊಡ್ಡ ಐಟಿ ಸೇವಾ ಕಂಪನಿಯ 10,000ಕ್ಕೂ ಹೆಚ್ಚು ಉದ್ಯೋಗಿಗಳ ಕಂಪ್ಯೂಟರ್ ದಾಖಲೆಗಳನ್ನು ಕೋವಿಡ್‌ಗೆ ಮೊದಲು ಮತ್ತು ಕೋವಿಡ್ ಸಮಯದಲ್ಲಿ ಹೋಲಿಸಿ ನೋಡಿದರು. ದುಡಿಯುವ ಗಂಟೆಗಳು ಕಡಿಮೆಯಾಗಿರಲಿಲ್ಲ, ಹೆಚ್ಚಾಗಿದ್ದವು. ಆಫೀಸ್ ಸಮಯ ಮುಗಿದ ಮೇಲಿನ ಕೆಲಸವೂ ಹೆಚ್ಚಾಗಿತ್ತು. ಆದರೆ ಮುಗಿಸಿದ ಕೆಲಸ ಸ್ವಲ್ಪ ಇಳಿದಿತ್ತು. ಹೆಚ್ಚು ಗಂಟೆ, ಕಡಿಮೆ ಫಲ. ಗಂಟೆಗೆ ಲೆಕ್ಕ ಹಾಕಿದರೆ ಉತ್ಪಾದಕತೆ ಶೇ 8ರಿಂದ 19ರಷ್ಟು ಕೆಳಗೆ. ಮನೆಯಲ್ಲಿ ಮಕ್ಕಳಿದ್ದವರಿಗೆ ಪೆಟ್ಟು ಇನ್ನೂ ಜೋರು. ಅದು ಶಾಲೆ ಮುಚ್ಚಿದ್ದ ಕಾಲ ಎಂಬುದನ್ನೂ ನೆನಪಿಡಬೇಕು.

ಹಾಗಾದರೆ ಆ ಗಂಟೆಗಳೆಲ್ಲ ಎಲ್ಲಿ ಹೋದವು? ಮೀಟಿಂಗಿಗೆ. ಯಾರು ಏನು ಮಾಡಬೇಕು ಎಂದು ಹೊಂದಿಸಿಕೊಳ್ಳುವ ಮಾತುಕತೆಗೆ. ಯಾರೂ ಅಡ್ಡ ಬರದೆ ಒಂದೇ ಕೆಲಸದಲ್ಲಿ ಮುಳುಗಿರುವ ಹೊತ್ತು ಬಹಳ ಕಡಿಮೆಯಾಗಿತ್ತು. ವಿಚಿತ್ರ ನೋಡಿ, ಅಷ್ಟೆಲ್ಲ ಮೀಟಿಂಗ್ ನಡೆದರೂ ಮೇಲಧಿಕಾರಿ ಒಬ್ಬೊಬ್ಬರ ಜೊತೆ ಕೂತು ಮಾತಾಡುವುದು ಮಾತ್ರ ಕಡಿಮೆಯಾಗಿತ್ತು. ಬೇಡದ ಮಾತು ಹೆಚ್ಚಾಗಿ, ಬೇಕಾದ ಮಾತು ಕಡಿಮೆಯಾದ ಹಾಗೆ.

ಮನೆಯಿಂದ ಕೆಲಸ ಮಾಡುವುದರಿಂದ ಓಡಾಟದ ಸಮಯ ಉಳಿಯುತ್ತದಲ್ಲ, ಅದರ ಲೆಕ್ಕವನ್ನೂ ಹಾಕಿದ್ದಾರೆ. 27 ದೇಶಗಳ ಸಮೀಕ್ಷೆಯಲ್ಲಿ ಭಾರತದವರಿಗೆ ದಿನಕ್ಕೆ ಸರಾಸರಿ 99 ನಿಮಿಷ ಉಳಿಯುತ್ತಿತ್ತು. ಎಲ್ಲ ದೇಶಗಳನ್ನೂ ಸೇರಿಸಿ ನೋಡಿದರೆ ಹೀಗೆ ಉಳಿದ ಸಮಯದ ಸುಮಾರು ಶೇ 40 ಮತ್ತೆ ಕೆಲಸಕ್ಕೇ ಹೋಗುತ್ತಿತ್ತು. ಸಿಲ್ಕ್ ಬೋರ್ಡ್ ಸಿಗ್ನಲ್‌ನಿಂದ ತಪ್ಪಿಸಿಕೊಂಡ ಹೊತ್ತು ಹೆಂಡತಿ ಮಕ್ಕಳಿಗೆ ಸಿಕ್ಕಿತು ಅಂದುಕೊಂಡರೆ, ಅದರಲ್ಲಿ ದೊಡ್ಡ ಪಾಲನ್ನು ಕಂಪನಿಯೇ ತೆಗೆದುಕೊಂಡಿದೆ.

ಇದನ್ನು ಆರೋಗ್ಯದ ವಿಷಯವಾಗಿಯೂ ನೋಡಬೇಕು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಒಟ್ಟಿಗೆ ಕೊಟ್ಟ ವರದಿಯ ಪ್ರಕಾರ, ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು ಹೆಚ್ಚು. ರಾತ್ರಿ ಹತ್ತಕ್ಕೆ ಬರುವ "ಒಂದ್ ನಿಮಿಷ ಇದ್ದೀರಾ?" ಎಂಬ ಮೆಸೇಜ್ ಹೀಗೆ ದಿನವೂ ಸೇರುತ್ತಾ ಹೋಗುತ್ತದೆ.

ಮೀಟಿಂಗ್ ಕಡಿಮೆ ಮಾಡುವುದು ಹೇಗೆ?

ಬರೆಯುವುದರಿಂದ. ನಾನು ಓದಿದ್ದು ಸಂವಹನ, ಹಾಗಾಗಿ ಈ ಭಾಗದ ಮೇಲೆ ನನಗೆ ಸ್ವಲ್ಪ ಹೆಚ್ಚೇ ಪ್ರೀತಿ, ಸಹಿಸಿಕೊಳ್ಳಿ.

ಆಫೀಸಿನಲ್ಲಿ ಪಕ್ಕದ ಸೀಟಿನವರ ಭುಜ ತಟ್ಟಿ ಕೇಳಿದರೆ ಅರ್ಧ ನಿಮಿಷದ ಕೆಲಸ. ಅದೇ ಅಭ್ಯಾಸವನ್ನು ಚಾಟ್‌ಗೆ ತಂದರೆ ಏನಾಗುತ್ತದೆ ಗೊತ್ತಲ್ಲ? ಬೆಳಿಗ್ಗೆ 10.05ಕ್ಕೆ "ಹಾಯ್". 10.30ಕ್ಕೆ ಆ ಕಡೆಯಿಂದ "ಹಾಯ್, ಹೇಳಿ". 10.50ಕ್ಕೆ "ಬ್ಯುಸಿನಾ?" ಆಮೇಲೆ "ಒಂದು ಕಾಲ್ ಹಾಕ್ಕೊಳ್ಳೋಣ್ವಾ?" ಆ ಕಾಲ್‌ಗೆ ಇನ್ನೂ ನಾಲ್ವರನ್ನು ಸೇರಿಸಿಕೊಂಡು ಅರ್ಧ ಗಂಟೆ. ಪ್ರಶ್ನೆ ಏನಿತ್ತು ಎಂಬುದು ಮಾತ್ರ ಎಲ್ಲೂ ಬರೆದಿಲ್ಲ. ಮರುದಿನ ಇನ್ನೊಬ್ಬರಿಗೆ ಅದೇ ಅನುಮಾನ ಬಂದರೆ ಮತ್ತೆ ಮೊದಲಿನಿಂದ.

ಅದರ ಬದಲು ಹೀಗೆ ಬರೆದು ನೋಡಿ: "ಮೈಸೂರು ಕ್ಲೈಂಟಿನ ಬಿಲ್‌ನಲ್ಲಿ ಜಿಎಸ್‌ಟಿ ಎರಡು ಸಲ ಸೇರಿದೆ, ಶೀಟಿನ 14ನೇ ಸಾಲು ನೋಡಿ. ಎರಡನೆಯದನ್ನು ತೆಗೆಯಬೇಕು ಅಂತ ನನ್ನ ಅಭಿಪ್ರಾಯ. ನಾಳೆ 11ರ ಒಳಗೆ ಹೌದು ಅಥವಾ ಬೇಡ ಅಂತ ತಿಳಿಸಿ, ಮಧ್ಯಾಹ್ನ ಕಳಿಸಿಬಿಡುತ್ತೇನೆ." ವಿಷಯ ಏನು, ಎಲ್ಲಿ ನೋಡಬೇಕು, ಕೇಳಿದವರಿಗೆ ಏನನ್ನಿಸುತ್ತದೆ, ಯಾವಾಗ ಬೇಕು, ನಾಲ್ಕೂ ಇದೆ. ಓದಿದವರು ತಮ್ಮ ಕೈಯಲ್ಲಿದ್ದ ಕೆಲಸ ಮುಗಿಸಿ, ಕಾಫಿ ಕುಡಿಯುತ್ತಾ ಉತ್ತರ ಕೊಡಬಹುದು.

ಲೀಡ್ ಆದವರು ಇದನ್ನು ಮೊದಲು ತಾವು ಮಾಡಿ ತೋರಿಸಬೇಕು. ತೀರ್ಮಾನ ಆದ ಮೇಲೆ ಎಲ್ಲರಿಗೂ ಕಾಣುವ ಒಂದೇ ಜಾಗದಲ್ಲಿ ಎರಡು ಸಾಲು ಬರೆಯಬೇಕು: ಏನು ತೀರ್ಮಾನ, ಯಾಕೆ. ಇನ್ನೊಂದು ಮಾತು. ಬರೆಯಿರಿ ಎಂದ ತಕ್ಷಣ ನಮ್ಮಲ್ಲಿ ಎಷ್ಟೋ ಜನ ಬೆವರುತ್ತಾರೆ, ಯಾಕೆಂದರೆ ಬರೆಯುವುದು ಎಂದರೆ ಇಂಗ್ಲಿಷ್ ಎಂದಾಗಿದೆ. ಹುಬ್ಬಳ್ಳಿಯಲ್ಲಿ ಕೂತು ಕೋಡ್ ಬರೆಯುವ ಹುಡುಗನಿಗೆ ವಿಷಯ ಗೊತ್ತಿರುತ್ತದೆ, "ಗ್ರಾಮರ್ ತಪ್ಪಾದರೆ?" ಎಂಬ ಭಯಕ್ಕೆ ಸುಮ್ಮನಿರುತ್ತಾನೆ. ತಂಡದವರಿಗೆಲ್ಲ ಕನ್ನಡ ಬರುವುದಾದರೆ ಕನ್ನಡದಲ್ಲಿ ಬರೆಯಲಿ. ಇಲ್ಲದಿದ್ದರೆ ಮುರುಕು ಇಂಗ್ಲಿಷ್ ಸಾಕು ಎಂದು ಲೀಡ್ ಬಾಯಿಬಿಟ್ಟು ಹೇಳಲಿ. ಮಾತಾಡದವರನ್ನು "ಇನಿಶಿಯೇಟಿವ್ ಇಲ್ಲ" ಎಂದು ಬರೆದುಹಾಕುವ ಮೊದಲು ಇದನ್ನು ಯೋಚಿಸಿದರೆ ಒಳ್ಳೆಯದು.

ಹಸಿರು ಚುಕ್ಕೆ ಇದ್ದರೆ ಕೆಲಸ ನಡೆಯುತ್ತಿದೆ ಅಂತಲೇ?

ಇಲ್ಲ. ಮೈಕ್ರೋಸಾಫ್ಟ್ ಟೀಮ್ಸ್‌ನಲ್ಲಿ ಕಂಪ್ಯೂಟರ್ ಐದು ನಿಮಿಷ ಮುಟ್ಟದಿದ್ದರೆ ಹಸಿರು ಚುಕ್ಕೆ ಹಳದಿಯಾಗುತ್ತದೆ. ಪೇಪರ್ ಮೇಲೆ ಡಿಸೈನ್ ಗೀಚುತ್ತಿರುವವರು, ಕ್ಲೈಂಟ್ ಜೊತೆ ಫೋನಿನಲ್ಲಿ ಇರುವವರು, ಕಷ್ಟದ ಸಮಸ್ಯೆಯೊಂದನ್ನು ಯೋಚಿಸುತ್ತಾ ಕೂತವರು ಎಲ್ಲರೂ ಹಳದಿ. ರೀಲ್ಸ್ ನೋಡುತ್ತಾ ಮೌಸ್ ಅಲ್ಲಾಡಿಸುವವರು ಹಸಿರು.

ಚುಕ್ಕೆಯನ್ನೇ ಅಳತೆಗೋಲು ಮಾಡಿದರೆ ಜನ ಚುಕ್ಕೆಯನ್ನೇ ಸಾಕುತ್ತಾರೆ. ಮೌಸನ್ನು ತಾನಾಗಿಯೇ ಅಲ್ಲಾಡಿಸುವ ಸಣ್ಣ ಯಂತ್ರಗಳು ಆನ್‌ಲೈನ್‌ನಲ್ಲೇ ಸಿಗುತ್ತವೆ. ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕು 2024ರಲ್ಲಿ, ಕೀಬೋರ್ಡ್ ಓಡುತ್ತಿರುವಂತೆ ನಟಿಸಿದ ಆರೋಪದ ಮೇಲೆ ಹನ್ನೆರಡಕ್ಕೂ ಹೆಚ್ಚು ಜನರನ್ನು ತೆಗೆದುಹಾಕಿದ್ದು ಸುದ್ದಿಯಾಗಿತ್ತು. ಮೋಸ ಮಾಡಿದವರ ಪರ ವಾದಿಸುತ್ತಿಲ್ಲ. ಆದರೆ ಕೀಬೋರ್ಡ್ ಸದ್ದನ್ನೇ ಕೆಲಸ ಎಂದು ನಂಬುವ ವ್ಯವಸ್ಥೆಯಲ್ಲಿ ಮೋಸ ಎಷ್ಟು ಸುಲಭ ನೋಡಿ.

ಈ ಅಪನಂಬಿಕೆಗೆ ಅಳತೆಯೂ ಇದೆ. ಮೈಕ್ರೋಸಾಫ್ಟ್ 2022ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಶೇ 87ರಷ್ಟು ಉದ್ಯೋಗಿಗಳು "ನಾವು ಚೆನ್ನಾಗಿಯೇ ಕೆಲಸ ಮಾಡುತ್ತಿದ್ದೇವೆ" ಎಂದರು. "ನಮ್ಮ ತಂಡ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂಬ ಪೂರ್ತಿ ಭರವಸೆ ಇದೆ" ಎಂದ ಮುಖ್ಯಸ್ಥರು ಶೇ 12 ಮಾತ್ರ. ಉದ್ಯೋಗಿಗಳು ತಮ್ಮ ಬೆನ್ನು ತಾವೇ ತಟ್ಟಿಕೊಂಡಿರಬಹುದು. ಆದರೂ 87 ಎಲ್ಲಿ, 12 ಎಲ್ಲಿ!

ಈ ಅಂತರ ಮುಚ್ಚಲು ಪತ್ತೇದಾರಿ ಸಾಫ್ಟ್‌ವೇರ್ ಬೇಕಿಲ್ಲ. ಸೋಮವಾರ ಕೂತು, ಶುಕ್ರವಾರದ ಹೊತ್ತಿಗೆ ಏನು ಮುಗಿದಿರಬೇಕು, ಮುಗಿದಿದೆ ಎಂದು ಹೇಗೆ ಗೊತ್ತಾಗುತ್ತದೆ ಎಂಬುದನ್ನು ಇಬ್ಬರೂ ಒಪ್ಪಿ ಬರೆದಿಟ್ಟುಕೊಂಡರೆ ಮಧ್ಯೆ ಚುಕ್ಕೆ ಯಾವ ಬಣ್ಣದಲ್ಲಿದ್ದರೂ ನಡೆಯುತ್ತದೆ. ಎರಡು ಶುಕ್ರವಾರ ಏನೂ ಬರಲಿಲ್ಲ ಎಂದರೆ ಆಗ ನೇರವಾಗಿ ಮಾತಾಡಬಹುದು, ಕೈಯಲ್ಲಿ ಆಧಾರವೂ ಇರುತ್ತದೆ. ಮೇಲ್ವಿಚಾರಕರಿಗೆ ಇದು ಸೋಮವಾರ ಒಂದಿಷ್ಟು ಹೆಚ್ಚಿನ ಕೆಲಸ, ನಿಜ. ಚುಕ್ಕೆ ಕಾಯುವುದು ಅದಕ್ಕಿಂತ ಸುಲಭ, ಅದಕ್ಕೇ ಎಲ್ಲರೂ ಅದನ್ನೇ ಮಾಡುವುದು.

ಕ್ಯಾಮೆರಾ ವಿಷಯವೂ ಇಂಥದ್ದೇ. "ಕ್ಯಾಮೆರಾ ಆನ್ ಇದ್ದರೆ ಗಮನ ಇರುತ್ತದೆ" ಎಂಬುದು ಕೇಳಲು ಸರಿ ಎನಿಸುತ್ತದೆ. 103 ಉದ್ಯೋಗಿಗಳನ್ನು ನಾಲ್ಕು ವಾರ ಕ್ಯಾಮೆರಾ ಹಾಕಿಸಿ, ತೆಗೆಸಿ ನೋಡಿದ ಒಂದು ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಕ್ಯಾಮೆರಾ ಹಾಕಿದ ದಿನಗಳಲ್ಲಿ ದಣಿವು ಹೆಚ್ಚು, ದಣಿದವರು ಮೀಟಿಂಗಿನಲ್ಲಿ ಮಾತಾಡಿದ್ದು ಕಡಿಮೆ. ಮಹಿಳೆಯರಿಗೆ ಮತ್ತು ಹೊಸದಾಗಿ ಸೇರಿದವರಿಗೆ ಈ ದಣಿವು ಇನ್ನೂ ಜಾಸ್ತಿ. ಇಡೀ ದಿನ ಕನ್ನಡಿ ಮುಂದೆ ಕೂತು ಕೆಲಸ ಮಾಡಿ ಎಂದರೆ ಯಾರಿಗೆ ತಾನೇ ಆಗುತ್ತದೆ? ಮೊದಲ ಸಲ ಭೇಟಿಯಾಗುವಾಗ, ಒಬ್ಬೊಬ್ಬರ ಜೊತೆ ಮಾತಾಡುವಾಗ ಕ್ಯಾಮೆರಾ ಇರಲಿ. ಇಪ್ಪತ್ತು ಜನರ ದಿನದ ವರದಿಗೆ ಏಕೆ?

ಹೊಸಬರಿಗೆ ಆಗುವ ನಷ್ಟ

ಮನೆಯಿಂದ ಕೆಲಸದ ಪರ ಇರುವವರು, ನಾನೂ ಬಹುಮಟ್ಟಿಗೆ ಅದೇ ಗುಂಪು, ಸುಲಭವಾಗಿ ಒಪ್ಪದ ಸತ್ಯವೊಂದಿದೆ. ಕಲಿಕೆ ಪಕ್ಕದಲ್ಲಿ ಕೂತಾಗ ಬೇಗ ಆಗುತ್ತದೆ. ಚೆನ್ನೈನಲ್ಲಿ ಅದೇ ಕಂಡಿತು. ಅಮೆರಿಕದ ಒಂದು ದೊಡ್ಡ ಕಂಪನಿಯ ಸಾಫ್ಟ್‌ವೇರ್ ಎಂಜಿನಿಯರ್‌ಗಳ ಮೇಲೆ ನಟಾಲಿಯಾ ಎಮ್ಯಾನುಯೆಲ್, ಎಮ್ಮಾ ಹ್ಯಾರಿಂಗ್ಟನ್ ಮತ್ತು ಅಮಾಂಡಾ ಪಲೈಸ್ ಮಾಡಿದ ಅಧ್ಯಯನದಲ್ಲೂ ಅದೇ. ಒಂದೇ ಕಟ್ಟಡದಲ್ಲಿ ಕೂರುವ ತಂಡದವರಿಗೆ ತಮ್ಮ ಕೋಡ್ ಮೇಲೆ ಹೆಚ್ಚು ಸಲಹೆ ಸಿಗುತ್ತಿತ್ತು. ಅದರಲ್ಲೂ ಹೆಚ್ಚು ಲಾಭ ಪಡೆದವರು ಹೊಸಬರು, ಮುಖ್ಯವಾಗಿ ಯುವತಿಯರು. ಆದರೆ ಕಲಿಸುವ ಹಿರಿಯರ ಸ್ವಂತ ಕೆಲಸ ಅಷ್ಟರ ಮಟ್ಟಿಗೆ ಕಡಿಮೆಯಾಗುತ್ತಿತ್ತು.

ಇದರ ಅರ್ಥ ಏನು? ಹಿರಿಯ ಎಂಜಿನಿಯರ್ "ಮನೆಯಲ್ಲಿ ನನಗೆ ಕೆಲಸ ಚೆನ್ನಾಗಿ ಆಗುತ್ತದೆ" ಎನ್ನುವುದು ಸುಳ್ಳಲ್ಲ. ಅವರನ್ನು ಯಾರೂ ಎಬ್ಬಿಸಿ ಏನೂ ಕೇಳುತ್ತಿಲ್ಲ. ಅದರ ಬೆಲೆಯನ್ನು ಕಳೆದ ಜುಲೈನಲ್ಲಿ ಕಾಲೇಜು ಮುಗಿಸಿ ಬಂದ ಹುಡುಗಿ ಕೊಡುತ್ತಿದ್ದಾಳೆ, ಮತ್ತು ಈ ವರ್ಷ ಅದು ಯಾವ ಶೀಟಿನಲ್ಲೂ ಕಾಣುವುದಿಲ್ಲ. ಹಾಗಾಗಿ ಪೂರ್ತಿ ದೂರದಿಂದಲೇ ನಡೆಯುವ ತಂಡವಾದರೆ ಹೊಸಬರೊಬ್ಬರಿಗೆ ಹಳಬರೊಬ್ಬರನ್ನು ಹೆಸರು ಹೇಳಿ ಜೋಡಿಸಬೇಕು. ದಿನಕ್ಕೆ ಒಂದು ಗಂಟೆ ಪರದೆ ಹಂಚಿಕೊಂಡು ಒಟ್ಟಿಗೆ ಕೆಲಸ ಮಾಡಬೇಕು. ಆ ಗಂಟೆಯನ್ನು ಹಿರಿಯರ ಕೆಲಸದ ಲೆಕ್ಕಕ್ಕೇ ಸೇರಿಸಬೇಕು. "ಏನಾದರೂ ಡೌಟ್ ಇದ್ದರೆ ಕೇಳಿ" ಎಂದರೆ ಹೊಸಬರು ಕೇಳುವುದಿಲ್ಲ. ನೀವು ಹೊಸಬರಾಗಿದ್ದಾಗ ಕೇಳಿದ್ದಿರಾ?

ಮನೆಯೂ ಕಚೇರಿಯ ಭಾಗವೇ

2020ರ ನವೆಂಬರ್‌ನಲ್ಲಿ ಕೇಂದ್ರದ ದೂರಸಂಪರ್ಕ ಇಲಾಖೆ ಬಿಪಿಒ, ಐಟಿ ಸೇವಾ ಕಂಪನಿಗಳ ಮೇಲಿದ್ದ ನಿಯಮಗಳನ್ನು ಸಡಿಲಿಸಿ, ಮನೆಯಿಂದಲೋ ಭಾರತದ ಎಲ್ಲಿಂದಲೋ ಕೆಲಸ ಮಾಡಿಸಲು ದಾರಿ ಸುಲಭ ಮಾಡಿತು. ಕಾಗದದ ಮೇಲೆ ದಾರಿ ತೆರೆಯಿತು. ನೆಲದ ಮೇಲೆ? ಆ ದಿನಗಳಲ್ಲಿ ಮಲೆನಾಡಿನಲ್ಲಿ ಸಿಗ್ನಲ್ ಸಿಗುವ ಗುಡ್ಡ ಹುಡುಕಿ, ಟಾರ್ಪಾಲು ಕಟ್ಟಿಕೊಂಡು, ಮಳೆಯಲ್ಲಿ ಲ್ಯಾಪ್‌ಟಾಪ್ ಕಾಯುತ್ತಾ ಕೂತವರ ಫೋಟೋಗಳನ್ನು ನಾವೆಲ್ಲ ನೋಡಿದ್ದೇವೆ. ಎಷ್ಟೋ ಜನ ಅದನ್ನು "ಎಂಥ ಛಲ!" ಎಂದು ಹಂಚಿಕೊಂಡರು. ನನಗೆ ಅದು ಕಂಪನಿಯ ಖರ್ಚನ್ನು ಉದ್ಯೋಗಿ ಹೊತ್ತ ಫೋಟೋ.

ಆಫೀಸಿನಲ್ಲಿ ಕರೆಂಟ್ ಹೋದರೆ ಜನರೇಟರ್ ಇದೆ, ಕುರ್ಚಿ ಇದೆ, ಎರಡೆರಡು ನೆಟ್ ಲೈನ್ ಇದೆ. ಮನೆಯಿಂದ ಕೆಲಸ ಮಾಡಿಸಿದರೆ ಕಂಪನಿಗೆ ಬಾಡಿಗೆ ಉಳಿಯುತ್ತದೆ. ಸಿಟ್ರಿಪ್‌ಗೆ ಎಲ್ಲ ಲೆಕ್ಕ ಸೇರಿ ಒಬ್ಬ ಉದ್ಯೋಗಿಗೆ ವರ್ಷಕ್ಕೆ ಸುಮಾರು 2,000 ಡಾಲರ್ ಉಳಿದಿತ್ತು. ಉಳಿದಿದ್ದರಲ್ಲಿ ಒಂದಿಷ್ಟನ್ನು ರೂಟರಿಗೆ ಹಾಕುವ ಸಣ್ಣ ಯುಪಿಎಸ್‌ಗೆ, ಸರಿಯಾದ ಕುರ್ಚಿಗೆ, ಎರಡನೇ ನೆಟ್ ಕನೆಕ್ಷನ್‌ಗೆ ಕೊಡುವುದು ದಾನ ಅಲ್ಲ. ಮನೆಯಲ್ಲಿ ಜಾಗವೇ ಇಲ್ಲದವರಿಗೆ ಊರಿನಲ್ಲೇ ಇರುವ ಕೋ-ವರ್ಕಿಂಗ್ ಜಾಗದ ಒಂದು ಸೀಟು ಕೊಡಿಸಿದರೆ, ಚೆನ್ನೈನಲ್ಲಿ ಕಂಡ ಆ ಶೇ 27ರ ಕುಸಿತಕ್ಕೆ ಕಾರಣವಾಗುವ ಎಷ್ಟೋ ಅಡ್ಡಿಗಳು ತಪ್ಪುತ್ತವೆ.

ಕಂಪನಿ ಕೊಡಲಾಗದ್ದು ಒಂದೇ, ಮನೆಯವರ ತಿಳಿವಳಿಕೆ. "ಹೇಗಿದ್ರೂ ಮನೇಲೇ ಇದೀಯಲ್ಲ, ಸಿಲಿಂಡರ್ ಬರತ್ತೆ ನೋಡ್ಕೋ." ಈ ಮಾತು ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು ಬೀಳುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಇದನ್ನು ಫ್ಯಾಮಿಲಿ ಗ್ರೂಪಿಗೂ ಕಳಿಸಿ ಎಂದು ನಾನು ಹೇಳಬಹುದಾದದ್ದು ಈ ಒಂದು ಪ್ಯಾರಾ ಮಾತ್ರ.

ಹಾಗಾದರೆ ವಾರಕ್ಕೆ ಎಷ್ಟು ದಿನ?

ಎಲ್ಲರಿಗೂ ಹೊಂದುವ ಒಂದು ಸಂಖ್ಯೆ ಇಲ್ಲ. ಆದರೆ ಗಟ್ಟಿ ಆಧಾರವಿರುವ ಒಂದು ಉದಾಹರಣೆ ಇದೆ, ಮತ್ತೆ ಅದೇ ಕಂಪನಿಯದು. 2021-22ರಲ್ಲಿ ಟ್ರಿಪ್.ಕಾಮ್ ಈ ಸಲ ಎಂಜಿನಿಯರ್, ಮಾರ್ಕೆಟಿಂಗ್, ಹಣಕಾಸು ವಿಭಾಗದ 1,612 ಪದವೀಧರರ ಮೇಲೆ ಪ್ರಯೋಗ ಮಾಡಿತು. ಅರ್ಧ ಜನ ಐದೂ ದಿನ ಆಫೀಸಿನಲ್ಲಿ. ಉಳಿದವರಿಗೆ ಬುಧವಾರ ಮತ್ತು ಶುಕ್ರವಾರ ಮನೆಯಿಂದ ಮಾಡುವ ಅವಕಾಶ, ಮಿಕ್ಕ ಮೂರು ದಿನ ಎಲ್ಲರೂ ಆಫೀಸಿನಲ್ಲಿ ಒಟ್ಟಿಗೆ. 2024ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಫಲಿತಾಂಶದ ಪ್ರಕಾರ ಕೆಲಸ ಬಿಡುವವರು ಮೂರನೇ ಒಂದರಷ್ಟು ಕಡಿಮೆಯಾದರು, ಅದರಲ್ಲೂ ಮಹಿಳೆಯರು ಮತ್ತು ದೂರದಿಂದ ಬರುವವರು. ಎರಡು ವರ್ಷ ಹಿಂಬಾಲಿಸಿ ನೋಡಿದರೂ ಕೆಲಸದ ಗುಣಮಟ್ಟದ ಅಂಕಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಬಡ್ತಿಯಲ್ಲೂ ಇಲ್ಲ. 2010ರಲ್ಲಿ ಕಂಡ ಬಡ್ತಿಯ ಅನ್ಯಾಯ ಇಲ್ಲಿ ಕಾಣದೇ ಇರಲು, ವಾರದ ಹೆಚ್ಚಿನ ದಿನ ಎಲ್ಲರೂ ಎಲ್ಲರ ಕಣ್ಣೆದುರು ಇದ್ದದ್ದೇ ಕಾರಣವಿರಬೇಕು ಎಂದು ನನಗನ್ನಿಸುತ್ತದೆ.

ನಮ್ಮ ಎಷ್ಟೋ ಕಂಪನಿಗಳಲ್ಲಿ ಹೈಬ್ರಿಡ್ ಎಂದರೆ "ವಾರಕ್ಕೆ ಮೂರು ದಿನ ಬನ್ನಿ, ಯಾವ ದಿನವಾದರೂ ಸರಿ". ಎರಡು ಗಂಟೆ ಟ್ರಾಫಿಕ್ಕಿನಲ್ಲಿ ಬಂದು, ಖಾಲಿ ಸಾಲಿನಲ್ಲಿ ಕೂತು, ಮನೆಯಲ್ಲಿರುವ ಸಹೋದ್ಯೋಗಿಯ ಜೊತೆ ಹೆಡ್‌ಫೋನ್ ಹಾಕಿಕೊಂಡು ವಿಡಿಯೋ ಕಾಲ್. ಇದಕ್ಕೆ ಆಫೀಸ್ ಯಾಕೆ ಬೇಕಿತ್ತು? ತಂಡಕ್ಕೆ ತಂಡವೇ ಒಂದೇ ದಿನ ಬರಬೇಕು, ಆ ದಿನ ಕಲಿಸುವುದು, ವಾದ ಮಾಡುವುದು, ಒಟ್ಟಿಗೆ ಊಟ ಮಾಡುವುದು ಇವೆಲ್ಲ ಇರಬೇಕು. ಒಬ್ಬರೇ ಕೂತು ಮಾಡುವ ಕೆಲಸ ಮನೆಗೆ ಇಟ್ಟುಕೊಳ್ಳಲಿ.

ಆ ಪ್ರಯೋಗದಲ್ಲಿ 395 ಮ್ಯಾನೇಜರ್‌ಗಳೂ ಇದ್ದರು. ಶುರುವಿನಲ್ಲಿ ಅವರನ್ನು ಕೇಳಿದಾಗ, ಹೀಗೆ ಮಾಡಿದರೆ ಉತ್ಪಾದಕತೆ ಶೇ 2.6ರಷ್ಟು ಇಳಿಯುತ್ತದೆ ಎಂಬುದು ಅವರ ಸರಾಸರಿ ಅಂದಾಜಾಗಿತ್ತು. ಪ್ರಯೋಗ ಮುಗಿದ ಮೇಲೆ ಮತ್ತೆ ಕೇಳಿದರು. ಶೇ 1ರಷ್ಟು ಏರುತ್ತದೆ ಎಂದರು. ಕಂಪನಿ ಆಮೇಲೆ ಈ ಪದ್ಧತಿಯನ್ನು ಎಲ್ಲ ಉದ್ಯೋಗಿಗಳಿಗೂ ವಿಸ್ತರಿಸಿತು. ನಿಮ್ಮದು ನಲವತ್ತು ಜನರ ಸಣ್ಣ ಕಂಪನಿಯಾದರೂ ಇದನ್ನು ಮಾಡಿ ನೋಡಬಹುದು: ಏನನ್ನು ಅಳೆಯುತ್ತೀರಿ ಎಂದು ಮೊದಲೇ ಬರೆದಿಡಿ, ಹುಟ್ಟಿದ ತಾರೀಖು ನೋಡಿ ಎರಡು ಗುಂಪು ಮಾಡಿ, ಮೂರು ತಿಂಗಳು ನಡೆಸಿ. ಆಮೇಲೆ ಆ ಮೇಲ್ ಬರೆಯಿರಿ.